ಗಡಿಯ ಈಚೆಗೆ ಹೆಂಡತಿ

ಕಾನೂನು ಕಾಲೇಜು, ಸ್ಟಾಫ್ ರೂಮ್
ಗುರುವಾರ, ಮಧ್ಯಾಹ್ನ

ಮೀನಿಗೆ,

‘ಪ್ರೀತಿಯ’ ಎಂದು ಬರೆಯುವ ಹಕ್ಕು ನನಗಿದೆಯೋ ಇಲ್ಲವೋ ಎಂಬುದೇ ಈಗ ಮೊಕದ್ದಮೆಯಾಗುವ ಹಾಗಿದೆ. ಹಾಗಾಗಿ ಹಳೆಯ ಅಡ್ಡಹೆಸರೊಂದೇ ಸಾಕು.

ನಿನ್ನ ವಕೀಲರ ನೋಟಿಸ್ ತಲುಪಿತು. ವಿಚ್ಛೇದನವಾಗಿ ಆರು ವರ್ಷ ಕಳೆದಿದ್ದರೂ ಹೆಂಡತಿಯೆಂದು ಹೇಳಿಕೊಂಡು, ನಿನ್ನ ಎಡಗಾಲು ಕತ್ತರಿಸಲು ನಾನು ಒಪ್ಪಿಗೆ ಕೊಟ್ಟೆನಂತೆ. ಅದಕ್ಕೆ ಆಧಾರವಾಗಿ, ಪರದೇಶದ ವಿಚ್ಛೇದನಗಳ ಬಗ್ಗೆ ನಾನೇ ಬರೆದ ಲೇಖನದಿಂದ ಎರಡು ಪುಟ ಎತ್ತಿ ಹಾಕಿದ್ದಾರೆ. ನನ್ನ ಕೋಲಿನಿಂದ ನನಗೇ ಪೆಟ್ಟು. ಓದುತ್ತಾ ನಕ್ಕುಬಿಟ್ಟೆನೇನೋ, ಪಕ್ಕದ ಮೇಜಿನ ಕ್ರಿಮಿನಲ್ ಲಾ ಮೇಷ್ಟ್ರು ‘ಏನ್ ಮೇಡಂ, ಪ್ರಮೋಷನ್ನಾ?’ ಎಂದು ಕೇಳಿದರು.

ಅಂದು ನಿನಗೆ ಪ್ರಜ್ಞೆ ಇರಲಿಲ್ಲ. ಆದ್ದರಿಂದ ನಡೆದದ್ದನ್ನು ನಾನೇ ಹೇಳಬೇಕು. ಈಜು ತಂಡವನ್ನು ಕರೆದುಕೊಂಡು ಗಡಿ ದಾಟಿ ಬಂದವನ ಮೇಲೆ ಲಾರಿ ಹಾಯಿತು. ಕೆಲವೇ ದಿನಗಳಲ್ಲಿ ಕಾಲಿಗೆ ನಂಜೇರಿತು. ಆಸ್ಪತ್ರೆಯವರು ಇಲ್ಲಿನ ಸರ್ಕಾರಿ ದಾಖಲೆ ತೆಗೆದು ನೋಡಿದಾಗ ಹೆಂಡತಿಯೆಂದು ನನ್ನ ಹೆಸರೇ ಇತ್ತು. ಫೋನ್ ಮಾಡಿದರು. ನಾನು ಹೋಗುವ ಹೊತ್ತಿಗೆ ನೀನು ಮದುವೆಯಾಗಲಿರುವ ಔಷಧಿ ಅಂಗಡಿಯಾಕೆ ಐಸಿಯು ಬಾಗಿಲಲ್ಲಿ ನಿಂತಿದ್ದಳು. ನಿನಗೆ ಹೇಳುವ ಸ್ಥಿತಿ ಇಲ್ಲದಾಗ ಚಿಕಿತ್ಸೆಯನ್ನು ಅವಳೇ ನಿರ್ಧರಿಸಬೇಕೆಂದು ನೀನು ಬರೆದುಕೊಟ್ಟ ಪತ್ರ ಅವಳ ಕೈಯಲ್ಲಿತ್ತು.

ನಿಮ್ಮ ದೇಶದಲ್ಲಿ ಆ ಪತ್ರ ಕಲ್ಲಿನ ಮೇಲೆ ಕೊರೆದ ಹಾಗೆ. ಇಲ್ಲಿ ಅದನ್ನು ಮೂಸಿಯೂ ನೋಡುವುದಿಲ್ಲ. ಹೆಂಡತಿ ಇದ್ದರೆ ಅವಳ ಮಾತೇ ಮಾತು. ನಿಮ್ಮ ಕೋರ್ಟು ಕೊಟ್ಟ ವಿಚ್ಛೇದನವನ್ನು ನಮ್ಮ ಕೋರ್ಟು ಇನ್ನೂ ಒಪ್ಪಿಕೊಂಡಿಲ್ಲ, ಒಪ್ಪಿಕೊಳ್ಳಿ ಎಂದು ಯಾರೂ ಕೇಳಿರಲಿಲ್ಲ. ಹಾಗಾಗಿ ಗಡಿಯ ಆಚೆ ನಾವು ಯಾರಿಗೆ ಯಾರೋ, ಈಚೆ ಗಂಡ ಹೆಂಡಿರು. ಇಂಥ ಸಿಕ್ಕುಗಳನ್ನು ಪಾಠ ಮಾಡಿಯೇ ನಾನು ಅನ್ನ ತಿನ್ನುತ್ತಿರುವುದು.

‘ಕಾಲು ತೆಗೀಬೇಡಿ. ಎದ್ದು ನೋಡ್ಕೊಂಡ್ರೆ ಅವ್ರು ಬದುಕಲ್ಲ, ನಂಗೊತ್ತು’ ಎಂದಳು ಅವಳು.

‘ತೆಗೀದಿದ್ರೆ ಏಳೋದೇ ಇಲ್ಲಮ್ಮ’ ಎಂದರು ಸರ್ಜನ್.

ಇಬ್ಬರೂ ನನ್ನ ಕಡೆ ನೋಡಿದರು. ನಿಮ್ಮ ಕೋರ್ಟಿನ ತೀರ್ಪು, ಅವಳ ಕೈಲಿದ್ದ ಪತ್ರ, ಇಲ್ಲಿನ ಕಾನೂನು, ಮೂರನ್ನೂ ತೂಗಿ ನೋಡಿ ಸಹಿ ಹಾಕಿದೆ. ನನಗೆ ಈಜು ಬಾರದು. ನೀನು ಕಾಲು ಬಡಿಯುತ್ತಾ ಕೊಳದ ಆ ತುದಿಗೆ ಹೋಗಿ ಬರುವುದನ್ನು ವರ್ಷಗಟ್ಟಲೆ ದಡದಲ್ಲಿ ಕೂತು ನೋಡಿದವಳು. ಏನನ್ನು ತೆಗೆಸುತ್ತಿದ್ದೇನೆಂದು ಚೆನ್ನಾಗಿಯೇ ಗೊತ್ತಿತ್ತು.

ಅವಳು ನನ್ನೊಂದಿಗೆ ಜಗಳವಾಡಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಕಾಫಿ ತಂದುಕೊಟ್ಟೆ. ‘ನಿಮ್ಮನ್ನ ಬೈಯೋಣ ಅಂದ್ರೂ ಬಾಯಿ ಬರ್ತಿಲ್ಲ ಅಕ್ಕ’ ಎಂದಳು. ಅವಳ ಮೇಲೆ ನೀನು ಸಿಟ್ಟಾಗಬೇಡ. ಅವಳ ಮಾತು ಇಲ್ಲಿ ನಡೆಯುವಂತಿರಲಿಲ್ಲ.

ಇನ್ನು ಮೊಕದ್ದಮೆಯ ವಿಷಯ. ಇಲ್ಲಿ ಹೂಡಬೇಡ, ಸೋಲುತ್ತೀಯ. ನಿಮ್ಮಲ್ಲಿ ಹೂಡು. ಅಲ್ಲಿ ತೀರ್ಪೂ ಊರ್ಜಿತ, ಪತ್ರವೂ ಊರ್ಜಿತ. ನನ್ನ ಲೇಖನವೂ ನಿನ್ನ ಪರ. ಒಬ್ಬ ಹೆಣ್ಣು ಒಂದು ದೇಶದಲ್ಲಿ ಹೆಂಡತಿ, ಇನ್ನೊಂದರಲ್ಲಿ ಅಲ್ಲ ಎಂಬ ಸ್ಥಿತಿ ಇರಬಾರದು, ಇಬ್ಬರ ಮಾತೂ ಕೇಳಿ ಒಂದು ಕೋರ್ಟು ಹೇಳಿದ್ದನ್ನು ಇನ್ನೊಂದು ಒಪ್ಪಬೇಕು ಎಂದು ನಾನೇ ಬರೆದಿದ್ದೇನೆ. ನನ್ನ ಬುಡಕ್ಕೆ ಬಂತೆಂದು ಈಗ ಮಾತು ತಿರುಗಿಸಲಾರೆ.

ಆದ್ದರಿಂದ ನಿನ್ನೆ ಇಲ್ಲಿನ ಕೋರ್ಟಿಗೆ ಹೋಗಿ, ನಿಮ್ಮ ತೀರ್ಪನ್ನು ಒಪ್ಪಿಕೊಳ್ಳಿ ಎಂದು ಅರ್ಜಿ ಹಾಕಿ ಬಂದೆ. ವಿರೋಧಿಸುವವರು ಯಾರೂ ಇಲ್ಲ, ಬೇಗ ಮುಗಿಯುತ್ತದೆ. ಆಮೇಲೆ ನೀವಿಬ್ಬರೂ ಯಾವ ಕಡೆ ಬೇಕಾದರೂ ಮದುವೆಯಾಗಬಹುದು. ಆದರೆ ಅಂದು ಹಾಕಿದ ಸಹಿಯನ್ನು ಮಾತ್ರ ಹಿಂದಕ್ಕೆ ಪಡೆಯುವುದಿಲ್ಲ. ನಿಮ್ಮ ನ್ಯಾಯಾಧೀಶರು ಕೇಳಿದರೂ ಇಷ್ಟೇ ಹೇಳುತ್ತೇನೆ.

ಹೊಸ ಕಾಲು ಮೊದಮೊದಲು ಒತ್ತುತ್ತದಂತೆ. ಹಲ್ಲು ಕಚ್ಚಿ ಅಭ್ಯಾಸ ಮಾಡು.

ಇಂತಿ ನಿನ್ನ ಪ್ರತಿವಾದಿ,
‘ಲಾ ಪಾಯಿಂಟು’ (ನೀನೇ ಇಟ್ಟ ಹೆಸರು)

ಮರೆತ ಮಾತು: ಮೂರನ್ನೂ ತೂಗಿ ನೋಡಿ ಸಹಿ ಹಾಕಿದೆ ಎಂದು ಮೇಲೆ ಬರೆದಿದ್ದೇನೆ. ಮುಂದೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಬೇಕಾಗುತ್ತದೆ, ಈಗಲೇ ತಿದ್ದುವುದು ಲೇಸು. ‘ಪೇಷೆಂಟಿಗೆ ನೀವೇನಾಗ್ಬೇಕು?’ ಎಂದು ಸರ್ಜನ್ ಕೇಳಿದರು. ‘ಹೆಂಡತಿ’ ಎಂದೆ. ಕಾನೂನು ನೆನಪಾದದ್ದು ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ.