ಹನ್ನೊಂದು ಗಂಟೆಯ ದಾರಿ

ಪಾಲಿಶ್ ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಳಿಯ ಮಹಾರಾಜನಿಗೆ ಸೋದರಮಾವನ ಆಶೀರ್ವಾದಗಳು.

ಹೇಗಿದ್ದೀಯಪ್ಪ? ಕ್ರೇನಿನ ಮೇಲೆ ಕೂತು ಕೂತು ಸೊಂಟ ಹಿಡಿದುಕೊಂಡಿದೆ ಎಂದಿದ್ದೆ, ಈಗ ವಾಸಿಯೇ? ನಾನು ಕಲ್ಲುಗುಂಡಿನ ಹಾಗಿದ್ದೇನೆ. ಹಳೇ ಮೇಜಿಗೆ ಮುಖ ಕಾಣುವಂತೆ ಪಾಲಿಶ್ ಕೊಡುವವನು ಈ ಪೇಟೆಯಲ್ಲಿ ಇಂದಿಗೂ ನಾನೊಬ್ಬನೇ. ಉಳಿದವರು ಬಳಿಯುತ್ತಾರೆ, ಅಷ್ಟೇ. ನಿನ್ನಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಅವಳೇ ಹೇಳಿದ್ದಾಳೆ. ಬರೆದಿದ್ದೇನೆ.

ಹೋದ ವಾರ ಒಂದು ಶಾಲೆಯಿಂದ ಕಾಲು ಮುರಿದ ಗ್ಲೋಬು ರಿಪೇರಿಗೆ ಬಂತು. ಏಳನೇ ಕ್ಲಾಸಿನಲ್ಲಿ ಭೂಗೋಳಕ್ಕೆ ಇಡೀ ಹಳ್ಳಿಗೇ ಮೊದಲು ಬಂದವನು ನಾನು (ಇಬ್ಬರೇ ಇದ್ದೆವು, ಅದು ಬೇರೆ ಮಾತು). ಆದರೆ ಗೋಡೆಯ ನಕ್ಷೆ ಬಿಟ್ಟು ಬೇರೆ ಭೂಮಿಯನ್ನು ನಾನು ಕಂಡವನಲ್ಲ. ಅಕ್ಕನ ಮನೆಯ ನಕ್ಷೆಯಲ್ಲಿ ಪೂರ್ವದ ಕೊನೆಯ ಈ ದ್ವೀಪಕ್ಕೆ ಬಂದು ನೆಲೆಸಿದ ನಾವು ಬಲದ ಅಂಚು, ಪಶ್ಚಿಮದ ಕೊನೆಯ ಬಂದರಿನಲ್ಲಿರುವ ನೀನು ಎಡದ ಅಂಚು, ನಡುವೆ ಇಡೀ ಪ್ರಪಂಚ. ಗ್ಲೋಬಿನ ಕಾಲಿಗೆ ಗೋಂದು ಹಚ್ಚಿ ತಿರುಗಿಸಿ ನೋಡುತ್ತೇನೆ, ಎರಡು ಅಂಚೂ ಎದುರು ಮನೆಯವರ ಹಾಗೆ ಕೂತಿವೆ. ನಡುವೆ ಒಂದೇ ಸಮುದ್ರ. ನನ್ನ ಕಣ್ಣನ್ನು ನಾನೇ ನಂಬದೆ (ಇದು ಅಪರೂಪ) ಟಿಕೆಟ್ ಮಾಡಿಸುವ ಅಂಗಡಿಯ ಹುಡುಗಿಯನ್ನು ಕೇಳಿದೆ. "ಒಂಬತ್ತು ಸಾವಿರ ಕಿಲೋಮೀಟರ್, ನೇರ ವಿಮಾನ, ಹನ್ನೊಂದು ಗಂಟೆ. ಒಂದು ಸಿನಿಮಾ, ಒಂದು ನಿದ್ದೆ, ಇಳಿಯೋದೇ ಅಂಕಲ್" ಎಂದಳು. ಹೊಸದಾಗಿ ಬಿಟ್ಟಿದ್ದಾರೇನಮ್ಮ ಎಂದು ಆಸೆಯಿಂದ ಕೇಳಿದೆ. ಎಷ್ಟೋ ವರ್ಷದಿಂದ ಇದೆಯಂತೆ.

ಭಾವ ತೀರಿಕೊಂಡ ಬೆಳಿಗ್ಗೆ ನೀನು ಫೋನಿನಲ್ಲಿ ಏನೆಂದೆ? "ಮೂರು ವಿಮಾನ ಬದಲಿಸ್ಬೇಕು ಮಾವ, ಎರಡೂವರೆ ದಿನ. ಹೊರಟ್ರೂ ಅಪ್ಪನ ಮುಖ ಸಿಗಲ್ಲ." ಮಣ್ಣು ಮಾಡಿದ್ದು ಮರುದಿನ ಸಂಜೆ. ಮಗನೆಲ್ಲಿ ಎಂದು ನೆಂಟರು ಬಾಯಿ ತೆಗೆದಾಗ ನಾನೇ ಎದೆಯುಬ್ಬಿಸಿ, ನಕ್ಷೆಯ ಈ ತುದಿಯಿಂದ ಆ ತುದಿಗೆ ಬೆರಳೆಳೆದು ಪಾಠ ಮಾಡಿದೆ. ಎಲ್ಲರ ಬಾಯಿಗೂ ಬೀಗ. ಅಕ್ಕನನ್ನೂ ಹಾಗೆಯೇ ಸಮಾಧಾನ ಮಾಡಿದೆ. ನನಗೊಬ್ಬನಿಗೇ ಟೋಪಿ ಹಾಕಿದ್ದರೆ ನಕ್ಕುಬಿಡುತ್ತಿದ್ದೆ. ನಾನು ಎಷ್ಟು ಜನಕ್ಕೆ ಹಾಕಿಲ್ಲ. ನನ್ನ ಕೈಯಿಂದಲೇ ಅಕ್ಕನಿಗೆ ಹಾಕಿಸಿದೆಯಲ್ಲ, ಅದಕ್ಕೆ ನಗು ಬರುವುದಿಲ್ಲ. ಅಪ್ಪನ ಮೇಲೆ ಮುನಿಸು, ಬರುವುದಿಲ್ಲ ಎಂದಿದ್ದರೂ ಸಾಕಿತ್ತು. ಇದಕ್ಕಿಂತ ಒಳ್ಳೆಯ ಸುಳ್ಳನ್ನು ನಾನೇ ಹೆಣೆದು ಕೊಡುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟಿದೆಯೆಂದು ಆಶೀರ್ವಾದದ ತೂಕದಲ್ಲಿ ಮೋಸ ಮಾಡಿಲ್ಲ.

ಇತಿ,
ನಿನ್ನ ಮಾವ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಅಳಲಿಲ್ಲ. "ನಂಗೆ ಆವತ್ತೇ ಗೊತ್ತಿತ್ತು ಕಣೋ. ನೀನು ಅಷ್ಟು ಚೆಂದ ಪಾಠ ಮಾಡ್ತಿದ್ದೆ, ಅದಕ್ಕೇ ನಾನು ಸುಮ್ನಿದ್ದೆ. ಇದನ್ನ ಕಳಿಸ್ಬೇಡ. ನಮಗೆ ತಿಳಿದುಹೋಯ್ತು ಅಂದ್ರೆ ನಾಚಿಕೆಗೆ ಫೋನು ಮಾಡೋದನ್ನೂ ಬಿಟ್ಟುಬಿಡ್ತಾನೆ" ಎಂದಳು. ಹರಿದು ಹಾಕುತ್ತೇನೆಂದು ಮಾತು ಕೊಟ್ಟು, ಅಂಚೆಗೆ ಹಾಕಲು ಹೊರಟಿದ್ದೇನೆ. ಪತ್ರ ಸಿಕ್ಕಿತೆಂದು ಅವಳ ಬಳಿ ಬಾಯಿ ಬಿಡಬೇಡ. ಫೋನು ಮಾತ್ರ ನಿಲ್ಲಿಸಬೇಡ.