ಏಳನೇ ಕೋಣೆಗೆ ಆಂಬುಲೆನ್ಸ್ ಬೇಡ

ವಿಟ್‌ಬಿ,
ಮಂಗಳವಾರ

ಮಾನ್ಯ ಕ್ಲೈವ್ ಗಾರ್ಬಟ್ ಅವರಿಗೆ,

ನೀವು ಕಳಿಸಿದ ಬಿಸ್ಕತ್ತಿನ ಡಬ್ಬಿ ತಲುಪಿತು. ಅಮ್ಮನನ್ನು ಕೊನೆಯವರೆಗೂ ಚೆನ್ನಾಗಿ ನೋಡಿಕೊಂಡಿರಿ ಎಂದು ಬರೆದಿದ್ದೀರಿ. ಅದು ಪೂರ್ತಿ ನಿಜವಲ್ಲ.

ನಿಮ್ಮ ತಾಯಿ ಎನಿಡ್ ತಮ್ಮ ಸಾವು ಹೇಗಿರಬೇಕೆಂದು ನಮ್ಮ ನರ್ಸಿಂಗ್ ಹೋಮಿನ ಹಳದಿ ಹಾಳೆಯಲ್ಲಿ ಬರೆಸಿದ್ದರು: ಆಸ್ಪತ್ರೆ ಬೇಡ, ಈ ಏಳನೇ ಕೋಣೆಯಲ್ಲೇ, ಪಕ್ಕದ ಮಂಚದಲ್ಲಿರುವ ಗಂಡನ ಕೈ ಹಿಡಿದುಕೊಂಡು. ನೋವಿನ ಔಷಧಿಯನ್ನೂ ತರಿಸಿಟ್ಟಿದ್ದೆ. ಅವರ ಉಸಿರು ಕ್ಷೀಣಿಸಿದ ಆ ಭಾನುವಾರ ನನಗೆ ರಜೆ. ನೀವು ಫೋನಿನಲ್ಲಿ ಬದಲಿ ನರ್ಸ್‌ಗೆ, "ನಾನು ಬರೋವರೆಗೂ ಅಮ್ಮ ಉಸಿರಾಡ್ತಿರಬೇಕು. ಆಂಬುಲೆನ್ಸ್ ಕರೀತೀಯೋ, ಇಲ್ಲ ನಿನ್ನ ಕೆಲಸ ತೆಗೆಸ್ಲೋ?" ಎಂದಿರಿ. ಅವಳು ಹೆದರಿ ಆಂಬುಲೆನ್ಸ್ ಕರೆದಳು. ಎನಿಡ್ ಆಸ್ಪತ್ರೆಯ ಕಾರಿಡಾರಿನಲ್ಲಿ, ಟ್ರಾಲಿಯ ಮೇಲೆ, ಒಬ್ಬರೇ ತೀರಿಕೊಂಡರು. ನೀವು ಬಂದಾಗ ಅವರು ಹೋಗಿ ಎರಡು ಗಂಟೆ ಕಳೆದಿತ್ತು.

ನಿಮ್ಮ ತಂದೆ ವಿಲ್ಫ್ರೆಡ್ ಹೆಂಡತಿಯ ಖಾಲಿ ಮಂಚದ ಕಡೆ ಕೈ ಚಾಚಿ ಕೇಳುತ್ತಲೇ ಇರುತ್ತಾರೆ: "ನಮ್ಮ ಹುಡುಗೀನ ಎಲ್ಲಿಗೆ ಹೊತ್ಕೊಂಡು ಹೋದ್ರಮ್ಮ?" ಟೀ ಮಾಡಲು ಹೋಗಿದ್ದಾರೆ ಎನ್ನುತ್ತೇನೆ. "ಅವಳ ಟೀ ಅಲ್ವಾ, ತಣ್ಣಗಾದ್ಮೇಲೇ ಬರುತ್ತೆ ಬಿಡು" ಎಂದು ನಗುತ್ತಾರೆ.

ನಿನ್ನೆಯಿಂದ ಅವರು ಏನನ್ನೂ ನುಂಗುತ್ತಿಲ್ಲ. ಅವರ ಹಳದಿ ಹಾಳೆಯಲ್ಲೂ ಅದೇ ಮಾತುಗಳಿವೆ. ಈ ಸಲ ನಾನು ರಜೆ ಹಾಕಿಲ್ಲ. ಹಿಡಿಯಲು ಎನಿಡ್ ಅವರ ಕೈ ಇಲ್ಲ, ನನ್ನದಿದೆ.

ನಿಮ್ಮ ತಂದೆಯ ನೀಲಿ ಸೂಟು ನಿಮ್ಮ ಮನೆಯಲ್ಲಿದೆಯಂತೆ. ಈ ಪತ್ರ ಕೈಸೇರಿದ ದಿನ ತೆಗೆದುಕೊಂಡು ಬನ್ನಿ, ತೊಡಿಸಲು ಬೇಕು.

ವೈದ್ಯರು ಇನ್ನು ಎರಡೇ ದಿನ ಎಂದಿದ್ದಾರೆ. ನಿಮಗೆ ಫೋನ್ ಮಾಡಬಹುದಿತ್ತು. ಸಾಧಾರಣ ಅಂಚೆಗೆ ಹಾಕುತ್ತಿದ್ದೇನೆ. ಮೂರು ದಿನ ಹಿಡಿಯುತ್ತದೆ.

ಇಂತಿ,
ಬರ್ನಿಸ್ ಹೋಯ್ಲ್
ಹಿರಿಯ ನರ್ಸ್