ಗುಡ್ಡ ಇಳಿದ ಮನೆ

ಲ್ಯಾಮೆಕೊ, ಚಿಲೊಯೆ ದ್ವೀಪ
ಏಪ್ರಿಲ್ ೧೪

ಪ್ರೀತಿಯ ಒಟಿಲಿಯಾ,

ಹೇಗಿದ್ದೀಯೇ? ವಾಲ್ದಿವಿಯಾದ ಚಳಿಗೆ ನಿನ್ನ ಮಂಡಿನೋವು ಹೆಚ್ಚಾಗಿಲ್ಲ ತಾನೇ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯಿ. ಬರೆಯಲು ಕುಳಿತಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು, ಎದ್ದುಬಿಡುತ್ತಿದ್ದೆ. ಈಗಲೂ ಇಳಿದಿಲ್ಲ. ಆದರೆ ಹೇಳಿಕೊಳ್ಳಲು ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ?

ನಮ್ಮ ಅಜ್ಜನ ಮನೆ ಗುಡ್ಡ ಇಳಿದು ಕಡಲ ದಂಡೆಗೆ ಬಂತು ಕಣೇ. ೧೯೬೦ರ ಭೂಕಂಪದಲ್ಲಿ ದಂಡೆಯ ನೆಲ ಕುಸಿದು, ಹಿಂದೆಯೇ ಸಮುದ್ರ ಎದ್ದು ಬಂದು ಊರನ್ನೇ ಬಳಿದುಕೊಂಡು ಹೋದಾಗ, ಉಳಿದ ಈ ಒಂದು ಮರದ ಮನೆಯನ್ನು ಅಜ್ಜ ಎತ್ತುಗಳಿಂದ ಎಳೆಸಿ ಮೇಲೆ ಹತ್ತಿಸಿದ್ದ. ಅದನ್ನೇ ನನ್ನ ತಮ್ಮ ಅಬೆಲಾರ್ಡೊ ಕೆಳಗಿಳಿಸಿದ್ದಾನೆ. ಪ್ರವಾಸಿಗಳಿಗೆ ಕಿಟಕಿಯಿಂದ ಕಡಲು ಕಾಣಬೇಕಂತೆ. ಅಲ್ಲೇ ಇದ್ದು ಅವರಿಗೆ ಬೇಯಿಸಿ ಹಾಕುವವಳು ನನ್ನ ಮಗಳು ಯಾಸ್ನಾ, ತನ್ನ ನಾಲ್ಕು ವರ್ಷದ ಮಗುವನ್ನು ಕಟ್ಟಿಕೊಂಡು.

ಆ ಜಾಗ ನಿನಗೆ ಗೊತ್ತು. ಹಳೆಯ ಭೂಕಂಪಗಳ ಗುರುತು ಹುಡುಕಲು ನಾವಿಬ್ಬರೂ ಮಳೆಯಲ್ಲಿ ಗುಂಡಿ ತೋಡಿ ಕೆಸರಾಗಿ ನಿಂತಿದ್ದ ಹುಲ್ಲುಗಾವಲು. ಕಪ್ಪು ಮಣ್ಣು, ಅದರ ಮೇಲೆ ಮರಳು, ಮತ್ತೆ ಕಪ್ಪು ಮಣ್ಣು, ಮತ್ತೆ ಮರಳು. ಒಂದೊಂದು ಮರಳಿನ ಪದರವೂ ಸಮುದ್ರ ಒಳಗೆ ಬಂದುಹೋದ ಗುರುತು. ಎಲ್ಲಕ್ಕಿಂತ ಮೇಲಿನದು ಅರವತ್ತರದು. ಅದರ ಮೇಲೆ ಈಗ ನನ್ನ ಮಗಳ ಅಡುಗೆಮನೆ.

ನಾನು ಸುಮ್ಮನಿರಲಿಲ್ಲ. ಮನೆ ಇಳಿಸುವ ಮೊದಲೇ ಚರ್ಚಿನ ಅಂಗಳದಲ್ಲಿ ಊರವರನ್ನು ಸೇರಿಸಿ ಅಪಾಯವನ್ನು ಬಿಡಿಸಿ ಹೇಳಿದೆ. ಹಿತ್ತಲ ಗಿಡ ಮದ್ದಲ್ಲ, ಬಿಡು. ಅಬೆಲಾರ್ಡೊ ಎದ್ದು ನಿಂತ. “ಅಕ್ಕಾ, ಅಷ್ಟು ದೊಡ್ಡ ಭೂಕಂಪ ಸುಮಾರು ಮುನ್ನೂರು ವರ್ಷಕ್ಕೊಂದು ಬರತ್ತೆ ಅಂತ ರೇಡಿಯೋದಲ್ಲಿ ಹೇಳಿದ್ದು ಯಾರು? ನೀನೇ ತಾನೇ? ಅರವತ್ತರದ್ದು ಆಗಿ ಇನ್ನೂ ನೂರು ವರ್ಷಾನೂ ಆಗಿಲ್ಲ. ಇನ್ನೂರು ವರ್ಷ ಬಾಡಿಗೆ ತಿಂದು ಆಮೇಲೆ ಮತ್ತೆ ಗುಡ್ಡ ಹತ್ತಿಸ್ತೀವಿ ಬಿಡು!”

ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಅದು ಸರಾಸರಿ ಕಣೋ, ಬಸ್ಸಿನ ಟೈಮಲ್ಲ! ನಡುವೆ ಬಂದ ಚಿಕ್ಕವು ನಾವು ತೋಡಿದ ಗುಂಡೀಲಿ ಗುರುತೇ ಉಳಿಸಿಲ್ಲ. ದಂಡೆ ಮನೆ ಮುಳುಗೋಕೆ ಚಿಕ್ಕದೇ ಸಾಕು,” ಎಂದೆ.

“ಹಾಗಾದ್ರೆ ತಾರೀಖು ಹೇಳ್ಬಿಡಮ್ಮ, ಅವತ್ತು ನೆಂಟರ ಮನೆಗೆ ಹೋಗ್ತೀವಿ,” ಎಂದಳು ಅಂಗಡಿಯ ಹೆರ್ಮಿನಿಯಾ. ತಾರೀಖು ನಾನೆಲ್ಲಿಂದ ತರಲಿ?

ಊರೆಲ್ಲ ಸೇರಿ ಕೂಲಿಯಿಲ್ಲದೆ ಕೈಹಾಕುವ ನಮ್ಮ ಮಿಂಗಾದ ವಿಷಯ ನಿನಗೆ ಹೇಳಬೇಕಿಲ್ಲ. ಮನೆ ಎಳೆಯಲು ಬನ್ನಿ ಎಂದು ಮನೆಯವರೇ ಬಾಗಿಲಿಗೆ ಬಂದು ಕೇಳಿದರೆ ಇಲ್ಲವೆನ್ನುವಂತಿಲ್ಲ. ನಮ್ಮಪ್ಪ ಹಗೆಯವನ ಮನೆಗೂ ಹಗ್ಗ ಹಿಡಿದವನು. ತಮ್ಮನೇ ಬಂದಿದ್ದರೆ ಪದ್ಧತಿ ಹಾಳಾಗಲಿ ಎಂದು ಮುಖಕ್ಕೆ ಬಾಗಿಲು ಹಾಕುತ್ತಿದ್ದೆ. ಅವನು ಜಾಣ, ಯಾಸ್ನಾಳನ್ನು ಕಳಿಸಿದ.

“ಅಮ್ಮ, ನೀನು ಹಗ್ಗ ಹಿಡೀಬೇಡ. ಎತ್ತುಗಳ ಮುಂದೆ ನಡಿ, ಸಾಕು. ಆ ಹುಲ್ಲುಗಾವಲಲ್ಲಿ ಎಲ್ಲಿ ಗಟ್ಟಿ ಇದೆ, ಎಲ್ಲಿ ಕುಸಿಯತ್ತೆ ಅಂತ ಗೊತ್ತಿರೋದು ನಿಂಗೊಬ್ಬಳಿಗೇ. ಹೂತುಹೋದ್ರೆ ಮನೆ ಮುರಿದುಹೋಗತ್ತೆ.”

ನಡೆದೆ ಒಟಿಲಿಯಾ. ನಾನು ಕೈ ತೋರಿಸಿದ ಕಡೆಗೆ ಎತ್ತುಗಳು ತಿರುಗಿದವು. “ಗುಂಡಿಯಕ್ಕ ತೋರಿಸಿದ ಕಡೆ ಹೊಡೀರೋ!” ಎಂದು ಗಂಡಸರು ಕೂಗುತ್ತಿದ್ದರು. ಇಷ್ಟು ವರ್ಷಗಳಲ್ಲಿ ಊರು ನನ್ನ ಮಾತು ಕೇಳಿದ್ದು ಅದೊಂದೇ ದಿನ. ಕಿಟಕಿಯ ಒಂದು ಗಾಜೂ ಒಡೆಯಲಿಲ್ಲ. ಆಮೇಲೆ ಕುರಿಮಾಂಸ, ಆಲೂಗಡ್ಡೆ, ಚಿಚಾ ಎಂಬ ಸೇಬಿನ ಹೆಂಡ, ಅಕಾರ್ಡಿಯನ್, ಕುಣಿತ. ತಮ್ಮ ನನ್ನ ತಟ್ಟೆಗೆ ಆರಿಸಿ ಆರಿಸಿ ಮಾಂಸ ಹಾಕಿದ. ತಟ್ಟೆಯನ್ನು ಹಾಗೇ ಪಕ್ಕದವರಿಗೆ ದಾಟಿಸಿದೆ. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಹೋಗಲಿ. ನಿನ್ನ ಔಷಧಿ ಬಿಡಬೇಡ. ನಿನ್ನ ಮೊಮ್ಮಕ್ಕಳು ನೂರು ವರ್ಷ ಬಾಳಲಿ, ಎತ್ತರದ ಜಾಗದಲ್ಲಿ ಬಾಳಲಿ.

ನಿನ್ನ ಗೆಳತಿ,
ಎಡೆಲ್ಮಿರಾ

ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದೆ, ಈಗ ಬರೆಯುತ್ತಿದ್ದೇನೆ: ಯಾಸ್ನಾ ಷರತ್ತು ಹಾಕಿದ್ದಾಳೆ. “ಅಮ್ಮ, ಯಾವಾಗ ಬೇಕಾದ್ರೂ ಬಾ. ಆದ್ರೆ ಮಗು ಮುಂದೆ ನೆಲ ನಡುಗೋದು, ಅಲೆ ಬರೋದು, ಗುಡ್ಡಕ್ಕೆ ಓಡೋದು, ಈ ಮಾತೆಲ್ಲ ತೆಗೀಬೇಡ. ಹೆದರ್ಕೊಳ್ಳತ್ತೆ. ತೆಗೆದ್ರೆ ಇನ್ನು ಈ ಮನೆಗೆ ಬರಬೇಡ,” ಎಂದಳು. ಒಪ್ಪಿಕೊಂಡೆ. ನಿನ್ನೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಬಳಿ ಕುಳಿತಿದ್ದೆ. “ಅಜ್ಜೀ, ಎಲ್ರೂ ಕಡಲು ನೋಡ್ತಾರೆ. ನೀನ್ಯಾಕೆ ತಿರುಗಿ ತಿರುಗಿ ಗುಡ್ಡ ನೋಡ್ತೀಯ?” ಎಂದು ಕೇಳಿತು. ಒಲೆಯ ಮುಂದಿದ್ದ ಯಾಸ್ನಾ ಕೈಕೆಲಸ ನಿಲ್ಲಿಸಿ ನನ್ನನ್ನೇ ನೋಡಿದಳು. “ಹಕ್ಕಿ ನೋಡ್ತಿದ್ದೀನಿ ಪುಟ್ಟೀ,” ಎಂದೆ. ಮಗು ನಂಬಿತು. ನಂಬಿ, ಕಡಲ ಕಡೆಗೆ ತಿರುಗಿ ಕುಳಿತಿತು.